ಗಿರ್ಜಾದ ಜಾಗ

ನಾನು ಸುಳ್ಳು ಹೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಹೆಂಡತಿ ಸಾಯಮ್ಮ ಇವತ್ತಿಗೂ ಆ ಮಾತು ತೆಗೆದು ನನ್ನನ್ನು ಆಡಿಕೊಳ್ಳುತ್ತಾಳೆ. ನಾನು ಸುಮ್ಮನಿದ್ದೆ, ಅಷ್ಟೆ. ಸುಮ್ಮನಿರುವುದೂ ಪಾಪವೆಂದು ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅದನ್ನು ಜಾಣತನ ಅಂದುಕೊಂಡಿದ್ದೆ.

ನಿಜಾಮ ಸರ್ಕಾರದ ಕಾಲ, ಅವರ ಲೆಕ್ಕದ ಫಸಲಿ ವರ್ಷ ಸಾವಿರದ ಮುನ್ನೂರ ನಲವತ್ತೊಂಬತ್ತು, ಅಂದರೆ ಇಂಗ್ಲಿಷ್ ಇಸವಿ ಸಾವಿರದ ಒಂಬೈನೂರ ನಲವತ್ತರ ಸುಮಾರು. ನಮ್ಮೂರು ನಾರಾಯಣಖೇಡದಿಂದ ಕಲ್ಹೇರಿನ ಕಡೆಗೆ ಒಂದು ಹರದಾರಿ. ನಮ್ಮ ಕೇರಿಯ ಹದಿನೆಂಟು ಮನೆಯವರು ಕ್ರಿಸ್ತನ ಮತಕ್ಕೆ ಸೇರಿ ಆರು ವರ್ಷವಾಗಿತ್ತು. ನನಗೆ ಅಂತೋಣಿ ಎಂದು ಹೆಸರಿಟ್ಟರು, ಆದರೆ ಊರಿಗೆಲ್ಲ ನಾನು ಹಣಮಯ್ಯನೇ. ಎರಡಕ್ಷರ ಬರುತ್ತದೆಂದು ಉಪದೇಶಿ ಮಾಡಿದರು. ಪಾದ್ರಿ ಇಲ್ಲದ ಭಾನುವಾರ ಜಪ ಹೇಳಿಸುವುದು ನನ್ನ ಕೆಲಸ. ಪಾದ್ರಿ ಅಂದರೆ ಫಾದರ್ ಬೊನವೆಂಚರ್, ಮಂಗಳೂರಿನವರು. ಆ ಹೆಸರು ನಮ್ಮವರ ಬಾಯಲ್ಲಿ ತಿರುಗದೆ ಬೋನಯ್ಯಸ್ವಾಮಿ ಆಗಿತ್ತು.

ಪೂಜೆ ನಡೆಯುತ್ತಿದ್ದದ್ದು ನಮ್ಮ ಮನೆ ಮುಂದಿನ ಚಪ್ಪರದಲ್ಲಿ. ಮಳೆ ಬಂದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಬಿಸಿಲಾದರೆ ನಮ್ಮ ಕೇರಿಯ ಪೋಚಪ್ಪನ ಮೇಕೆಗಳು ನೆರಳಿಗೆಂದು ಬಂದು ನಡುವೆ ಮಲಗುತ್ತಿದ್ದವು. ಊರ ಗುಡಿಗಳಲ್ಲಿ ನಮ್ಮಪ್ಪ, ನಮ್ಮಜ್ಜ ಎಲ್ಲರೂ ಹೊರಗೇ ನಿಂತು ಕೈಮುಗಿದವರು. ಒಂದು ಸಲವಾದರೂ ಮಾಡಿನ ಕೆಳಗೆ, ಬಾಗಿಲ ಒಳಗೆ, ದೇವರ ಮುಂದೆ ನಾವು ಕೂಡಬೇಕೆಂಬ ಆಸೆ ನನ್ನನ್ನು ಹಗಲೂ ರಾತ್ರಿ ತಿನ್ನುತ್ತಿತ್ತು. ಪಾದ್ರಿಗಳಿಗೂ ಅದೇ ಹುಚ್ಚು. ಕೂತಲ್ಲಿ ಕೂರುವ ಆಸಾಮಿಯಲ್ಲ. ಎಲ್ಲಿ ಬಯಲು ಕಂಡರೂ ಹೆಜ್ಜೆ ಹಾಕಿ ಅಳೆಯುವರು.

ಕೇರಿಯ ಹತ್ತಿರ ಕೊಡುವಂಥ ಜಾಗ ಇದ್ದದ್ದು ಪಾಟೀಲರ ಮನೆಯ ಗುರುಲಿಂಗಮ್ಮನಿಗೆ ಮಾತ್ರ. ಗಂಡ ಸತ್ತ ಹೆಂಗಸು, ಲಿಂಗಪೂಜೆ ಆಗದೆ ನೀರು ಮುಟ್ಟುವವಳಲ್ಲ. ಕೇಳಲು ನಾನೇ ಹೋದೆ. ತಹಶೀಲ ಕಚೇರಿಯವರು ಬರೆದುಕೊಟ್ಟ ಉರ್ದು ಕಾಗದದಲ್ಲಿ ಚರ್ಚಿಗೆ ‘ಗಿರ್ಜಾ’ ಎಂದಿತ್ತು. ಉರ್ದುವಿನಲ್ಲಿ ಹಾಗೇ ಅನ್ನುವುದು. ಸರ್ಕಾರಿ ಮಾತಿಗೆ ತೂಕ ಹೆಚ್ಚೆಂದು ನಾನೂ ಗಿರ್ಜಾ ಕಟ್ಟಲು ಅರ್ಧ ಎಕರೆ ಬೇಕು ಎಂದೆ. ಆಕೆ ಎದ್ದು ನಿಂತು ಕೈಮುಗಿದಳು.

“ಗಿರಿಜವ್ವಗ? ಶಿವಗ ಊರೂರಿಗೆ ಗುಡಿ ಅದಾವ. ಆಕಿಗೇ ಒಂದು ಇಲ್ಲ ನೋಡು.”

ನನ್ನ ಚೀಲದಲ್ಲಿ ಮರಿಯಮ್ಮನ ಪಟವಿತ್ತು, ಮಗುವನ್ನು ಎತ್ತಿಕೊಂಡದ್ದು. ಅದನ್ನು ತೋರಿಸಿದರೆ ತಿಳಿದೀತು ಎಂದು ತೆಗೆದೆ. ಷಣ್ಮುಖನನ್ನು ಎತ್ತಿಕೊಂಡಿದ್ದಾಳೆ ಎಂದು ಕಣ್ಣಿಗೊತ್ತಿಕೊಂಡಳು. ಈ ಕಿರಿಸ್ತಾನರಿಗೆ ಕಡೆಗೂ ಗಿರಿಜವ್ವ ನೆನಪಾದಳಲ್ಲ ಎಂದು ಆಕೆಗೆ ಸಂತೋಷ. ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಮರುದಿನ ಪಾದ್ರಿಗಳು ಹೋಗಿ, ತಾಯಿಯ ಹೆಸರಿನಲ್ಲಿಯೇ ಕಟ್ಟುತ್ತೇವೆ ಎಂದು ಪುಸ್ತಕದ ಕನ್ನಡದಲ್ಲಿ ಹೇಳಿದರು. ಆಕೆ, ಹೌದ್ರಿ, ತಾಯಿ ಹೆಸರೇ ಇರಲಿ ಎಂದಳು. ಇಬ್ಬರೂ ಖುಷಿ. ದಾನದ ಕಾಗದಕ್ಕೆ ಆಕೆಯ ಹೆಬ್ಬೆಟ್ಟು ಬಿತ್ತು, ಕಾಗದ ನನ್ನ ಪೆಟ್ಟಿಗೆಗೆ ಬಂತು.

ಜಾಗ ಸಿಕ್ಕರೆ ತಾಂಡೂರಿನ ತನಕ ನಡೆದು, ಅಲ್ಲಿಂದ ರೈಲಿನಲ್ಲಿ ವೇಳಾಂಕಣ್ಣಿ ಮಾತೆಯ ಯಾತ್ರೆ ಮಾಡುತ್ತೇನೆಂದು ಪಾದ್ರಿಗಳು ಹರಕೆ ಹೊತ್ತಿದ್ದರು. ಜಹೀರಾಬಾದಿನಲ್ಲೇ ಸ್ಟೇಷನ್ ಉಂಟಲ್ಲ, ಅಷ್ಟು ದೂರ ಯಾಕೆ ಕಾಲು ಸವೆಸಬೇಕು ಎಂದು ಕೇಳಿದೆ. ಹರಕೆ ಅಂದರೆ ಹರಕೆ ಎಂದರು. ತಾಂಡೂರಿನ ತನಕ ಜೊತೆಗೆ ನಾನು ಹೊರಟೆ.

ರಾಯಿಕೋಡ್ ದಾಟಿ ಜಹೀರಾಬಾದ್ ಮುಟ್ಟುವ ತನಕ ಆ ಮನುಷ್ಯ ಬಾಯಿ ಮುಚ್ಚಲಿಲ್ಲ. ಉದ್ದ ನಲವತ್ತು ಅಡಿ, ಅಗಲ ಹದಿನೆಂಟು. ಬಾಗಿಲು ಕೇರಿಯ ಕಡೆಗೇ ಇರಬೇಕು. ನೆಲಕ್ಕೆ ತಾಂಡೂರಿನ ಪರಸಿ ಕಲ್ಲು. ಪಾದದಲ್ಲಿ ಬೊಬ್ಬೆ ಎದ್ದರೂ ನಿಲ್ಲರು. ಅವರು ಮಾತಿನಲ್ಲಿ ಒಂದೊಂದು ಗೋಡೆ ಎತ್ತಿದ ಹಾಗೂ ನನ್ನ ಭಯವೂ ಒಂದೊಂದು ಅಡಿ ಏರುತ್ತಿತ್ತು. ಗೋಡೆ ಎದ್ದ ಮೇಲೆ, ಶಿಲುಬೆ ಏರಿಸಿದ ದಿನ, ಗುರುಲಿಂಗಮ್ಮ ಕಾಯಿ ಕರ್ಪೂರ ಹಿಡಿದು ಬಂದು ನಿಂತರೆ ಏನು ಹೇಳಲಿ?

ಜಹೀರಾಬಾದ್ ಬಿಟ್ಟ ಮಧ್ಯಾಹ್ನ ಒಂದು ಹುಣಸೆಮರದ ಕೆಳಗೆ ಕೂತಾಗ, ಯಾತ್ರೆಯ ದಾರಿಯಲ್ಲಿದ್ದೀಯ, ಪಾಪನಿವೇದನೆ ಮಾಡಿಕೋ ಎಂದರು. ಆಗ ನನ್ನ ತಲೆಗೆ ಒಂದು ಕುತಂತ್ರ ಹೊಳೆಯಿತು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿಯಾದವನು ಕುತ್ತಿಗೆ ಕೊಯ್ದರೂ ಹೊರಗೆ ಆಡುವಂತಿಲ್ಲ. ಆಡುವುದಿರಲಿ, ಆ ತಿಳಿವಳಿಕೆಯಿಂದ ಒಂದು ಹೆಜ್ಜೆಯನ್ನೂ ಬದಲಿಸುವಂತಿಲ್ಲ. ಅಂದರೆ ನನ್ನ ಭಾರವೂ ಇಳಿಯಿತು, ಅವರ ಬಾಯಿಯೂ ಕಟ್ಟಿತು, ಗುಡಿಯೂ ಎದ್ದಿತು. ಮೊಣಕಾಲೂರಿ ಎಲ್ಲ ಹೇಳಿಬಿಟ್ಟೆ.

ಅವರು ಕೊನೆಯ ತನಕ ಕೇಳಿದರು. ಆಮೇಲೆ ಮೆಲ್ಲಗೆ ಅಂದರು: “ನೀನೇ ಹೋಗಿ ಆಕೆಗೆ ಹೇಳುವ ತನಕ ಕ್ಷಮೆಯ ಮಾತು ನನ್ನ ಬಾಯಿಂದ ಬರುವುದಿಲ್ಲ.”

“ಹೇಳಿದ್ರ ಜಾಗ ಹೋಗ್ತದ್ರಿ ಸ್ವಾಮೇರ.”

“ಹೋಗುತ್ತದೆ,” ಎಂದರು. ಅಷ್ಟೇ. ಎದ್ದು ಜೋಳಿಗೆ ಹೆಗಲಿಗೇರಿಸಿ ನಡೆದರು.

ಸಿಟ್ಟು ಬಂತು ನನಗೆ, ಖರೆ ಹೇಳುತ್ತೇನೆ. ಮಂಗಳೂರಿನಲ್ಲಿ ಕಲ್ಲಿನ ಚರ್ಚಿನೊಳಗೆ ಹುಟ್ಟಿ ಬೆಳೆದವರಿಗೆ ಹೊರಗೆ ನಿಂತವರ ಸಂಕಟ ಏನು ಗೊತ್ತು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆದರೆ ಎರಡು ದಿನ ಬಿಟ್ಟು ತಾಂಡೂರಿನಲ್ಲಿ ಕಂಡದ್ದು ನನ್ನ ಸಿಟ್ಟನ್ನೆಲ್ಲ ಇಳಿಸಿತು. ಕಲ್ಲಿನ ಗಣಿಗೆ ಹೋಗುತ್ತೇನೆಂದು ಅವರು ಮೊದಲೇ ಹೇಳಿದ್ದರು. ಈಗ ಹೋಗದಿದ್ದರೆ ನಾನು ಹೇಳಿದ್ದನ್ನು ಬಳಸಿಕೊಂಡ ಹಾಗೆ. ಹೋದರು. ಎಂದೂ ಹಾಸದ ನೆಲಕ್ಕೆ ಒಂದೊಂದೇ ಪರಸಿ ಮುಟ್ಟಿ ನೋಡಿ, ಇದು ನುಣುಪಿದೆ, ಇದು ಬೇಡ, ಇದನ್ನು ಇಡಿ ಎಂದು ಗಣಿಯ ತುಳಜಪ್ಪನಿಗೆ ಹೇಳಿದರು. ಆರಿಸಿದ ಕಲ್ಲನ್ನೇ ಮರೆತು ಮತ್ತೆ ಆರಿಸಿದರು. ಬಿಸಿಲೆಂದು ತುಳಜಪ್ಪ ನೀರು ಕೊಟ್ಟ. ಸ್ಟೇಷನ್ನಿನಲ್ಲಿ ಗಾಡಿ ಬರುವ ತನಕ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿದರು. ಹುಣಸೆಮರದ ಕೆಳಗಿನ ಮಾತನ್ನು ಒಂದು ಕಣ್ಸನ್ನೆಯಿಂದಲೂ ಎತ್ತಲಿಲ್ಲ. ಗಾಡಿ ಹೋಯಿತು.

ಒಬ್ಬನೇ ತಿರುಗಿ ನಡೆದೆ. ದಾರಿಯುದ್ದಕ್ಕೂ ಹೇಳಲಾರೆ, ಹೇಳಲಾರೆ ಎಂದುಕೊಳ್ಳುತ್ತಲೇ ಬಂದೆ. ಊರು ಮುಟ್ಟಿದವನು ಮನೆಗೆ ಹೋಗಿದ್ದು ಕಾಗದ ತರಲು ಮಾತ್ರ. ಸಾಯಮ್ಮ ಏನೆಂದು ಕೇಳಿದಳು, ಎಲ್ಲ ಹೇಳಿದೆ. ಅತ್ತಳು, ಆಮೇಲೆ ತಾನೇ ಪೆಟ್ಟಿಗೆಯ ಮುಚ್ಚಳ ತೆಗೆದಳು.

ಪಾಟೀಲರ ಅಂಗಳದಲ್ಲಿ ನಿಂತು, ಗಿರ್ಜಾ ಅಂದರೆ ಗಿರಿಜವ್ವ ಅಲ್ಲ, ನಮ್ಮ ಯೇಸುಸ್ವಾಮಿಯ ಗುಡಿ, ನನಗೆ ಅವತ್ತೇ ಗೊತ್ತಿತ್ತು ಎಂದೆ. ಗುರುಲಿಂಗಮ್ಮನ ಮುಖ ಕೆಂಪಾಯಿತು. ದೇವರ ಹೆಸರಿನಲ್ಲಿ ಮೋಸ ಮಾಡಿದೆಯಲ್ಲೋ ಎಂದು ಬೈದಳು, ನಾನು ಬೈಸಿಕೊಂಡೆ. ಕಡೆಗೆ ಕೇಳಿದಳು:

“ನಿಮ್ಮ ಸ್ವಾಮಿಗೆ ಇದು ಗೊತ್ತದನ?”

ಗೊತ್ತಿದೆ, ಹುಣಸೆಮರದ ಕೆಳಗೆ ಹೇಳಿದೆ, ನಿಮಗೆ ಹೇಳೆಂದು ಕಳಿಸಿದವರೇ ಅವರು ಎಂದೆ. ಹಾಗಾದರೆ ತಾನೇ ಯಾಕೆ ಬಂದು ಹೇಳಲಿಲ್ಲ, ರೈಲು ಹತ್ತಿ ಯಾಕೆ ಹೋದ ಎಂದು ಗದರಿದಳು. ಪಾಪನಿವೇದನೆಯ ಕಟ್ಟಳೆಯನ್ನು ಬಿಡಿಸಿ ಹೇಳಿದೆ. ಆ ಕಿವಿಗೆ ಬಿದ್ದ ಮಾತು ಆ ಬಾಯಿಂದ ಹೊರಡುವುದಿಲ್ಲ ಎಂದೆ. ಆಕೆ ನಂಬಲಿಲ್ಲ.

“ತಹಶೀಲ್ದಾರ ಕೇಳಿದ್ರ?”

“ನಿಜಾಮ ಸರ್ಕಾರೇ ಕೇಳಿದ್ರೂ ಹೇಳಂಗಿಲ್ರಿ ಅವ್ವಾ.”

“ಹೇಳಿದವ್ರು ಸತ್ತ ಮ್ಯಾಲ?”

“ಆವಾಗೂ ಇಲ್ರಿ.”

ಆಕೆ ಸೆರಗು ಎಳೆದುಕೊಂಡು ಗೋಡೆಯ ಕಡೆ ನೋಡುತ್ತ ಕೂತಳು. ಆಮೇಲೆ ಕಾಗದ ಅಲ್ಲಿಡು ಎಂದಳು. ಕಟ್ಟೆಯ ಮೇಲಿಟ್ಟೆ. ನಡಿ ಎಂದಳು. ನಡೆದೆ. ನಲವತ್ತು ಅಡಿ ಉದ್ದ, ಹದಿನೆಂಟು ಅಗಲ, ಎಲ್ಲ ಆ ಕಟ್ಟೆಯ ಮೇಲೆಯೇ ಉಳಿಯಿತು.

ಇಪ್ಪತ್ತೆರಡು ದಿನಕ್ಕೆ ಪಾದ್ರಿಗಳು ಬಂದರು, ಇನ್ನೂ ಸೊರಗಿದ್ದರು. ಜಾಗ ಹೋಯಿತೆಂದು ಕೇರಿಯವರು ಹೇಳಿದರು. ನೀವು ಯಾತ್ರೆಗೆ ಹೋಗದೆ ಇಲ್ಲೇ ಇದ್ದಿದ್ದರೆ ಹೋಗುತ್ತಿರಲಿಲ್ಲ ಎಂದು ಪೋಚಪ್ಪ ಮುಖಕ್ಕೇ ಅಂದ. ಅವರು ತಲೆ ತಗ್ಗಿಸಿ, ಇರಬಹುದು ಎಂದರು. ನಾನು ತಡೆಯಲಾರದೆ, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಬೇಕೆನ್ನುವಷ್ಟರಲ್ಲಿ ಕೇರಿಯ ಬಾಯಿಗೆ ಪಾಟೀಲರ ಬಂಡಿ ಬಂದು ನಿಂತಿತು.

ಆ ಮನೆಯ ಹೆಣ್ಣುಮಕ್ಕಳು ನಮ್ಮ ಕೇರಿಯ ಗಾಳಿಯನ್ನೂ ತಪ್ಪಿಸಿ ಹೋಗುವವರು. ಗುರುಲಿಂಗಮ್ಮ ಇಳಿದು ನೆಟ್ಟಗೆ ಚಪ್ಪರಕ್ಕೆ ಬಂದಳು. ನಮ್ಮನ್ನೆಲ್ಲ ದೂರ ಹೋಗಿರೆಂದಳು. ಪಾದ್ರಿಗಳನ್ನು ಕೂಡಿಸಿ, ಎದುರಿಗೆ ತಾನು ನೆಲದ ಮೇಲೆ ಕೂತಳು.

ನಾವು ಬೇವಿನಮರದ ಹತ್ತಿರ ನಿಂತು ನೋಡಿದೆವು. ಆಕೆ ಮಾತಾಡುತ್ತಿದ್ದಳು. ಒಮ್ಮೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು, ಮತ್ತೆ ಮಾತಾಡಿದಳು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನೆರಳು ಚಪ್ಪರ ಬಿಟ್ಟು ಅಂಗಳಕ್ಕೆ ಬಂದಿತ್ತು, ಅಷ್ಟು ಹೊತ್ತು. ಎಷ್ಟು ವರ್ಷದ ಮಾತೋ, ಯಾರಿಗೂ ಹೇಳಲಾಗದೆ ಇಟ್ಟುಕೊಂಡದ್ದು. ಎದ್ದಾಗ ಸೊಂಟದಿಂದ ಕಾಗದ ತೆಗೆದು ಅವರ ಪಾದದ ಹತ್ತಿರ ಇಟ್ಟಳು. ಬಂಡಿ ಹತ್ತುವಾಗ ನನ್ನ ಕಡೆ ತಿರುಗಿ, ಗಿರಿಜಾ ಅಲ್ಲ, ಗಿರ್ಜಾ, ಈ ಸಲ ಸರಿಯಾಗಿ ಬಿಡಿಸಿ ಹೇಳು ಎಂದಳು.

ಬಂಡಿ ಮರೆಯಾದ ಮೇಲೆ ನಾನು ಓಡಿಹೋಗಿ ಪಾದ್ರಿಗಳ ಮುಂದೆ ಮೊಣಕಾಲೂರಿದೆ. ಗುರುಲಿಂಗಮ್ಮನಿಗೆ ನಿಜ ಹೇಳಿದೆನೆಂದು ತಿಳಿಸಿದೆ. ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಮಾತು ಹೇಳಿದರು. ಎದೆ ಹಗುರಾಯಿತು, ಕಣ್ಣಲ್ಲಿ ನೀರು ಬಂತು. ಆದರೆ ನನ್ನ ನಾಲಿಗೆ ನೋಡಿ, ಅಷ್ಟಕ್ಕೆ ನಿಲ್ಲಬೇಕಲ್ಲ.

“ಅವ್ವ ಏನಂದಳ್ರಿ ಸ್ವಾಮೇರ?” ಎಂದು ಕೇಳಿಬಿಟ್ಟೆ.

ಪಾದದ ಹತ್ತಿರದಿಂದ ಎತ್ತಿಕೊಂಡ ಕಾಗದ ಇನ್ನೂ ಅವರ ಒಂದು ಕೈಯಲ್ಲೇ ಇತ್ತು. ನನ್ನನ್ನು ನೋಡಿದರು.

“ಯಾವ ಅವ್ವ?” ಎಂದರು.