ಮುಚ್ಚಿಟ್ಟ ಎರಡು ತಿಂಗಳು

ಚನ್ನಪಟ್ಟಣದ ಮುನಿಕೃಷ್ಣನಿಗೂ ಅವನ ಹೆಂಡತಿ ಪದ್ಮಶ್ರೀಗೂ ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಅವರು ಸಾರಿನ ಉಪ್ಪಿನ ವಿಷಯಕ್ಕೆ, ನೆಂಟರಿಷ್ಟರ ವಿಷಯಕ್ಕೆ ಜಗಳವಾಡಿದ್ದು ಕಡಿಮೆ. ಸಿನಿಮಾ ವಿಷಯಕ್ಕೆ ಜಗಳವಾಡಿದ್ದೇ ಹೆಚ್ಚು.

ಮುನಿಕೃಷ್ಣ ಮರದ ಗೊಂಬೆ ಮಾಡುವವನು. ಹಗಲೆಲ್ಲ ತಿರುಗುವ ಮರಕ್ಕೆ ಉಳಿ ಹಿಡಿದು, ಬಣ್ಣದ ಅರಗು ಒತ್ತಿ ಮಿಂಚು ಬರಿಸುವ ಕೆಲಸ. ಸಿನಿಮಾ ಕೂಡ ಹಾಗೇ ಬಣ್ಣಬಣ್ಣವಾಗಿರಬೇಕು, ಹಬ್ಬದೂಟ ಉಂಡ ಹಾಗೆ ಹೊಟ್ಟೆ ತುಂಬಬೇಕು ಅನ್ನುವವನು. ಕನ್ನಡದ್ದಾಗಲಿ, ತಮಿಳು ತೆಲುಗಾಗಲಿ, ಬಾಂಬೆಯದಾಗಲಿ, ನಮ್ಮ ದೇಶದ ಪಿಚ್ಚರೇ ಪಿಚ್ಚರು. ಪದ್ಮಶ್ರೀಗೆ ಅಂಚೆ ಕಚೇರಿಯಲ್ಲಿ ನೌಕರಿ. ಕನ್ನಡ ಶಾಲೆಯಲ್ಲಿ ಓದಿದವಳು, ಇಂಗ್ಲಿಷ್ ಕಲಿತದ್ದು ಇಂಗ್ಲಿಷ್ ಸಿನಿಮಾಗಳ ಕೆಳಗೆ ಓಡುವ ಅಕ್ಷರಗಳಿಂದ. ಮೊದಲು ಟಿವಿಯಲ್ಲಿ, ಆಮೇಲೆ ಮೊಬೈಲಿನಲ್ಲಿ, ಗೊತ್ತಿಲ್ಲದ ಮಾತು ಬಂದರೆ ನಿಲ್ಲಿಸಿ, ಬರೆದುಕೊಂಡು, ಮತ್ತೆ ಓಡಿಸುತ್ತಿದ್ದಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಚಾಪೆ ಹಾಸಿ ಕೂರುವರು. ಒಂದು ವಾರ ಅವನ ಪಿಚ್ಚರು, ಒಂದು ವಾರ ಅವಳದು. ಒಮ್ಮೆ ಅವಳ ಇಂಗ್ಲಿಷ್ ಸಿನಿಮಾ ಓಡುತ್ತಿದ್ದಾಗ ಮುನಿಕೃಷ್ಣ ರೇಗಿದ.

"ಇದೇನ್ ಸಿನಿಮಾನೆ? ಆ ವಯ್ಯನ ಅವ್ವ ಯಾರು, ಅಪ್ಪ ಯಾರು, ಹೊಟ್ಟೆಗೇನ್ ತಿಂತಾನೆ, ಒಂದೂ ಗೊತ್ತಾಗಕಿಲ್ಲ. ಹೆಂಡ್ರು ಸತ್ರೆ ಕಿಟಕಿತಾವ ನಿಂತ್ಕಂಡು ಕಾಫಿ ಕುಡೀತಾನೆ. ಅಳಾಕೂ ಬರಕಿಲ್ವಾ ಅವ್ರಿಗೆ?"

"ನಿಮ್ಮೋರು ಅಳ್ತಾರಲ್ಲ, ಸಾಕು. ನಿಮ್ಮ ಹೀರೋ ಅತ್ರೆ ಜೊತೆಗೆ ಇಪ್ಪತ್ತು ಪಿಟೀಲು ಅಳ್ಬೇಕು, ಮಳೆ ಬೇರೆ ಬರ್ಬೇಕು. ಈ ವಯ್ಯ ಲೋಟ ಹಿಡ್ಕಂಡವ್ನೆ ಅಷ್ಟೆ. ಒಂದ್ ಗುಟುಕೂ ಕುಡುದಿಲ್ಲ. ಅದ್ನ ನೋಡುದ್ರಾ?"

ಅವನು ನೋಡಿರಲಿಲ್ಲ. ಹಿಂದಕ್ಕೆ ಓಡಿಸಿ ನೋಡಿದ. ನಿಜ, ಕುಡಿದಿರಲಿಲ್ಲ. ಆದರೂ ಸೋಲೊಪ್ಪಲಿಲ್ಲ.

ನಮ್ಮ ಸಿನಿಮಾಗಳಲ್ಲಿ ಅವಳಿಗೆ ಮೈ ಉರಿಯುತ್ತಿದ್ದುದು ಒಂದು ದೃಶ್ಯಕ್ಕೆ. ಡಾಕ್ಟರು ಕನ್ನಡಕ ತೆಗೆದು, ರೋಗಿಯ ಗಂಡನನ್ನು ಪಕ್ಕಕ್ಕೆ ಕರೆದು ಹೇಳುತ್ತಾನೆ. ಒಳಗೆ ಹೆಂಡತಿ ಏನೂ ತಿಳಿಯದೆ ಮಲಗಿರುತ್ತಾಳೆ. ಗಂಡ ಕಣ್ಣೊರೆಸಿಕೊಂಡು, ನಗುತ್ತ ಒಳಗೆ ಬರುತ್ತಾನೆ. ಎಷ್ಟು ಸಿನಿಮಾದಲ್ಲಿ ಬಂದರೂ ಆ ಜಾಗದಲ್ಲಿ ಮುನಿಕೃಷ್ಣನ ಕಣ್ಣು ತೇವವಾಗುತ್ತಿತ್ತು.

"ನೋವೆಲ್ಲ ತಾನೊಬ್ನೇ ನುಂಗ್ಕಂಡು ನಗ್ತಾವ್ನೆ ನೋಡು. ಅವ್ನು ಗಂಡ ಅಂದ್ರೆ."

"ರೋಗ ಅವಳ್ದು, ಸಾಯೋಳು ಅವಳು. ಅವಳೊಬ್ಬಳ್ನ ಬುಟ್ಟು ಊರಿಗೆಲ್ಲ ಗೊತ್ತು! ಇಂಗ್ಲಿಷ್ ಪಿಚ್ಚರಲ್ಲಿ ಡಾಕ್ಟ್ರು ಕುರ್ಚಿ ಎಳ್ಕಂಡು ರೋಗಿ ಮುಂದೇನೇ ಕೂತು ಹೇಳ್ತಾರೆ. ಅದು ಮರ್ಯಾದೆ."

"ಅದು ಕಲ್ಲು ಮನಸು."

ಇಂಥ ಮಾತು ಸಂಜೆ ಕಾಫಿಯವರೆಗೂ ನಡೆಯುತ್ತಿತ್ತು.

ಕಳೆದ ವರ್ಷ ಯುಗಾದಿ ಕಳೆದ ಮೇಲೆ ಪದ್ಮಶ್ರೀಗೆ ಊಟ ಸೇರದಾಯಿತು. ಹೊಟ್ಟೆನೋವು ಬಂದರೆ ಒಂದು ಗಳಿಗೆ ಗೋಡೆ ಹಿಡಿದು ನಿಲ್ಲುವಳು. ಊರಿನ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅವಳ ತಮ್ಮ ಸ್ವಾಮಿಯೂ ಜೊತೆಗೆ ಬಂದ. ಪರೀಕ್ಷೆಗಳೆಲ್ಲ ಮುಗಿದ ದಿನ ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಗಂಡಸರಿಬ್ಬರೂ ಡಾಕ್ಟರ ಕೋಣೆಗೆ ಹೋದರು.

"ಕ್ಯಾನ್ಸರ್ ಲಿವರಿಗೂ ಹಬ್ಬಿದೆ," ಎಂದರು ಡಾಕ್ಟರು. "ಆಪರೇಷನ್ ಮಾಡೋ ಹಂತ ದಾಟಿಬಿಟ್ಟಿದೆ. ಆರು ತಿಂಗಳು ಅಂತ ಇಟ್ಕೊಳ್ಳಿ. ಅವರನ್ನೂ ಒಳಗೆ ಕರೀರಿ, ನಾನೇ ಹೇಳ್ತೀನಿ."

ಮುನಿಕೃಷ್ಣ ಎದ್ದು ನಿಂತು ಕೈ ಮುಗಿದ. "ಬ್ಯಾಡಿ ಸಾ. ತಿಳುದ್ರೆ ಅವತ್ತೇ ಹೋಗ್ಬುಡ್ತಾಳೆ."

"ಹೂಂ ಸಾ, ನಮ್ಮಕ್ಕ ತಡ್ಕಳಾಕಿಲ್ಲ," ಎಂದ ಸ್ವಾಮಿ.

ಡಾಕ್ಟರು ಇಬ್ಬರ ಮುಖವನ್ನೂ ನೋಡಿದರು. "ಅವರಾಗೇ ನನ್ನ ಕೇಳಿದರೆ ನಾನು ಸುಳ್ಳು ಹೇಳಲ್ಲ," ಎಂದು ಚೀಟಿ ಬರೆದರು.

ಹೊರಗೆ ಬಂದಾಗ ಪದ್ಮಶ್ರೀ ತಲೆಯೆತ್ತಿ, "ಏನಂದ್ರು?" ಎಂದಳು.

"ಹೊಟ್ಟೇಲಿ ಹುಣ್ಣಾಗೈತಂತೆ. ಮಾತ್ರೆ ತಗಂಡ್ರೆ ವಾಸಿ ಆಯ್ತದೆ."

"ಅಷ್ಟೇನಾ?"

"ಅಷ್ಟೇಯ."

ದಾರಿಯಲ್ಲಿ ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತೆಗೆದುಕೊಂಡರು. ಅವಳು ಅರ್ಧ ತಿಂದಳು. ಮುನಿಕೃಷ್ಣ ಏನೇನೋ ಹೇಳಿ ನಗಿಸಿದ, ತಾನೂ ನಕ್ಕ. ಸ್ವಾಮಿ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದವನು ತುಂಬ ಹೊತ್ತು ಬರಲಿಲ್ಲ.

ಅವರ ಒಬ್ಬಳೇ ಮಗಳು ನವ್ಯಶ್ರೀ ತುಮಕೂರಿನ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಪದ್ಮಶ್ರೀ ಎರಡು ದಿನಕ್ಕೊಮ್ಮೆ ಕೇಳುವಳು, "ನವ್ಯನ್ನ ಒಂದ್ ವಾರ ಕರಸನ್ವಾ? ಯಾಕೋ ನೋಡ್ಬೇಕು ಅನ್ಸತದೆ."

"ಪರೀಕ್ಷೆ ಹತ್ರ ಬಂತಲ್ಲೆ. ಮುಗುಸ್ಕಂಡು ಬರ್ಲಿ ಬುಡು."

ಮಗಳಿಗೆ ಫೋನಿನಲ್ಲಿ, "ನಿಮ್ಮವ್ವಂಗೆ ಗ್ಯಾಸ್ಟ್ರಿಕ್ಕು ಕಣವ್ವ. ನೀ ಓದ್ಕೊ," ಎನ್ನುವನು. ಪರೀಕ್ಷೆ ಇದ್ದದ್ದು ನಿಜವೇ. ಆದರೆ ಅವನ ಭಯ ಬೇರೆ. ಮಗಳು ಬಂದರೆ ರಿಪೋರ್ಟು ಕೇಳುತ್ತಾಳೆ; ಅವಳಿಗೆ ತಿಳಿಯಲು ಒಂದು ಸಾಲು ಸಾಕು.

ಹೀಗೆ ಎರಡು ತಿಂಗಳು ಪದ್ಮಶ್ರೀ ಓಡಾಡಿಕೊಂಡೇ ಇದ್ದಳು. ಕಚೇರಿಗೆ ಹೋದಳು, ಸಂತೆಗೆ ಹೋಗಿ ಅವರೇಕಾಯಿ ಸಿಗದೆ ಬೈದುಕೊಂಡು ಬಂದಳು, ಮಗಳು ಬಂದಾಗ ಕೊಡಲೆಂದು ಎರಡು ಚೂಡಿದಾರ ಹೊಲಿಸಿಟ್ಟಳು. ಭಾನುವಾರದ ಸಿನಿಮಾವೂ ತಪ್ಪಲಿಲ್ಲ. ಅವಳು ಹಾಕಿದ್ದನ್ನೇ ಅವನೂ ನೋಡಿದ. ಅವಳು ಚೆನ್ನಾಗಿದೆ ಅಂದದ್ದಕ್ಕೆಲ್ಲ ಹೂಂ ಅಂದ.

"ಏನ್ರೀ, ಜಗಳಾನೇ ಆಡಾಕಿಲ್ಲ ನೀವು ಈಗ?" ಎಂದು ಅವಳು ಒಂದು ದಿನ ಅವನನ್ನೇ ನೋಡಿದಳು.

"ವಯಸಾಯ್ತಲ್ಲೆ," ಎಂದು ಅವನು ಎದ್ದು ನೀರು ಕುಡಿಯಲು ಹೋದ.

ಆಸ್ಪತ್ರೆಯಲ್ಲಿ ಮೊದಲ ದಿನ ಹೆಸರು ಬರೆಸುವಾಗ ಅವನು ಅವಳ ಮೊಬೈಲ್ ನಂಬರನ್ನೇ ಕೊಟ್ಟಿದ್ದ. ಅದು ಅವನ ನೆನಪಿನಲ್ಲೇ ಇರಲಿಲ್ಲ. ಒಂದು ಶುಕ್ರವಾರ ಮಧ್ಯಾಹ್ನ ಅವನು ಊಟಕ್ಕೆ ಮನೆಗೆ ಬಂದಾಗ ಅವಳು ಕಚೇರಿಗೆ ಹೋಗದೆ, ಫೋನು ಹಿಡಿದು ಬಾಗಿಲ ಎದುರಿಗೇ ಕೂತಿದ್ದಳು.

"ಸೋಮವಾರ ಬರ್ಬೇಕಂತೆ. ಆಸ್ಪತ್ರೆಯಿಂದ ಮೆಸೇಜು ಬಂದೈತೆ. ಆಂಕಾಲಜಿ ಅಂತ ಬರ್ದವ್ರೆ. ಆಂಕಾಲಜಿ ಅಂದ್ರೆ ಏನ್ರೀ?"

"ಅದೇ... ಹೊಟ್ಟೆ ಡಾಕ್ಟ್ರು."

"ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಪಿಚ್ಚರ್ ನೋಡ್ತಾ ಇವ್ನಿ. ಆ ಮಾತು ನಂಗೆ ಗೊತ್ತು. ಕ್ಯಾನ್ಸರ್ ನೋಡೋ ಕಡೆಗೆ ಹಂಗಂತಾರೆ."

ಅವನು ಹೊಸ್ತಿಲ ಮೇಲೆ ಕೂತ.

"ಎಷ್ಟ್ ದಿನ ಅಂದ್ರು?"

"ಆರು ತಿಂಗ್ಳು."

"ಯಾವಾಗ ಅಂದ್ರು?"

ಅವಳೇ ಲೆಕ್ಕ ಹಾಕಿಕೊಂಡಳು. "ಎರಡು ಆಗೋಯ್ತು. ನೀವು ನನ್ ಮುಂದೆ ಕೂತ್ಕಂಡು ಹೇಳ್ಬೇಕಿತ್ತು."

"ನೀ ತಡ್ಕಳಾಕಿಲ್ಲ ಅಂತ..."

"ತಡ್ಕಳ್ತಿರ್ಲಿಲ್ಲ. ಅಳ್ತಿದ್ದೆ. ಅತ್ತಾದ್ಮೇಲೆ ನನ್ ಮಗೀನ ಕರುಸ್ಕಂಡು ಪಕ್ಕದಲ್ಲಿ ಮಲಗುಸ್ಕತಿದ್ದೆ." ಅವಳ ದನಿ ಅಲ್ಲಿಯತನಕ ನೆಟ್ಟಗಿದ್ದದ್ದು ಈಗ ಒಡೆಯಿತು. "ಎರಡು ತಿಂಗ್ಳು ನನ್ ಕೈಕಾಲು ಗಟ್ಟಿ ಇದ್ವು ಕಣ್ರೀ. ದಿನಾ ಕೇಳುದ್ನಲ್ಲ ನಾನು. ದಿನಾ ಕೇಳುದ್ನಲ್ಲ."

ಮಾರನೆಯ ದಿನ ಮಗಳು ಬಂದಳು. ಬ್ಯಾಗು ಇಳಿಸುವ ಮುಂಚೆಯೇ ರಿಪೋರ್ಟು ಕೇಳಿದಳು, ನಿಂತೇ ಓದಿದಳು. ಅಪ್ಪನ ಮುಖ ನೋಡದೆ ಒಳಗೆ ಹೋದಳು.

ಡಾಕ್ಟರು ಹೇಳಿದ ಲೆಕ್ಕದಂತೆ ಇನ್ನೂ ನಾಲ್ಕು ತಿಂಗಳು ಇರಬೇಕಿತ್ತು. ಆದರೆ ಅಷ್ಟರಲ್ಲೇ ಪದ್ಮಶ್ರೀಯ ಕಣ್ಣು, ಉಗುರು ಹಳದಿಯಾದವು. ಸೋಮವಾರ ಆಸ್ಪತ್ರೆಗೆ ಹೋದಾಗ ಅವಳು ತಾನೇ ಎಲ್ಲ ಕೇಳಿದಳು, ಡಾಕ್ಟರು ಎದುರಿಗೆ ಕೂತು ಎಲ್ಲ ಹೇಳಿದರು. ಹತ್ತು ದಿನಕ್ಕೆ ನೋವು ಯಾವ ಮಾತ್ರೆಗೂ ಬಗ್ಗದಂತಾಯಿತು. ಔಷಧಿ ಕೊಟ್ಟರೆ ನಿದ್ದೆ, ಕೊಡದಿದ್ದರೆ ನರಳಾಟ. ನವ್ಯಶ್ರೀ ಪರೀಕ್ಷೆ ಬಿಟ್ಟು ಅಮ್ಮನ ಪಕ್ಕದಲ್ಲೇ ಉಳಿದಳು. ತೊಳೆದಳು, ತಿರುಗಿಸಿ ಮಲಗಿಸಿದಳು, ಚಮಚದಲ್ಲಿ ಗಂಜಿ ಹಾಕಿದಳು. ಅಮ್ಮ ಎಚ್ಚರವಾಗಿರುತ್ತಿದ್ದದ್ದು ದಿನಕ್ಕೆ ಒಂದು ತಾಸು. ಮಾತು ಶುರುವಾಗುವುದು, ನಡುವಿನಲ್ಲಿ ಕಣ್ಣು ಮುಚ್ಚಿಹೋಗುವುದು. ಮಗಳು ಹೊಸ ಚೂಡಿದಾರ ಹಾಕಿಕೊಂಡು ಬಂದು ಎದುರಿಗೆ ನಿಂತರೆ, "ಯಾವ್ದವ್ವ ಇದು, ಚೆನ್ನಾಗೈತೆ," ಎಂದಳು. ತಾನೇ ಹೊಲಿಸಿದ್ದೆಂಬುದು ಅವಳಿಗೆ ನೆನಪಾಗಲಿಲ್ಲ.

ಒಂದು ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋಗಿದ್ದಾಗ ಮುನಿಕೃಷ್ಣ ಹೆಂಡತಿಯ ಕೈ ಹಿಡಿದು, "ತಪ್ಪಾಯ್ತು ಕಣೆ," ಎಂದ.

"ಕೋಪ ಇಲ್ಲ ನಂಗೆ," ಎಂದಳು ಅವಳು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ಆದ್ರೆ ನೀವ್ ಮಾಡಿದ್ದು ಸರಿ ಅಂತ ಮಾತ್ರ ನನ್ ಕೈಲಿ ಹೇಳುಸ್ಬ್ಯಾಡಿ."

ಆಷಾಢದ ಒಂದು ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಗೆ, ಅವಳು ಹೋದಳು.

ಹನ್ನೊಂದನೇ ದಿನದ ಕಾರ್ಯ ಮುಗಿದು, ನೆಂಟರು ಹೊರಟು, ನವ್ಯಶ್ರೀಯೂ ಹಾಸ್ಟೆಲಿಗೆ ಹೊರಟಳು. ಬೇಡವೆಂದರೂ ಮುನಿಕೃಷ್ಣ ಬ್ಯಾಗು ಹಿಡಿದು ಜೊತೆಗೆ ಬಂದ. ರಾಮನಗರಕ್ಕೆ ಬಂದು ಮಾಗಡಿಯ ಬಸ್ಸು ಹತ್ತಿದರು. ಮಾಗಡಿಯಲ್ಲಿ ಬಸ್ಸು ಬದಲಿಸಬೇಕು. ಕುದೂರಿನ ಮೇಲೆ ಹೋಗುವ ತುಮಕೂರು ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತರು.

"ಅಪ್ಪ," ಎಂದಳು ನವ್ಯಶ್ರೀ. ಎಷ್ಟೋ ದಿನದ ಮೇಲೆ ಅವಳಾಗಿ ಕರೆದದ್ದು. "ಆ ಎರಡು ತಿಂಗಳಲ್ಲಿ ಅಮ್ಮ ನನ್ನ ಕೇಳುದ್ಲಾ?"

ಕೇಳಲಿಲ್ಲ ಅಂದುಬಿಟ್ಟರೆ ಮಗಳ ಸಂಕಟ ಒಸಿ ಕಡಿಮೆಯಾಗುತ್ತದೆಯೇನೋ ಎಂದು ಅವನಿಗೆ ಅನ್ನಿಸಿತು. ಮಾತು ನಾಲಗೆಯ ತುದಿಗೂ ಬಂತು. ಅವನು ಬೆಂಚಿನಿಂದ ಎದ್ದು, ಅವಳ ಎದುರಿಗೆ ನೆಲದ ಮೇಲೇ ಕುಕ್ಕರಗಾಲಲ್ಲಿ ಕೂತ.

"ಕೇಳುದ್ಲು ಕಣವ್ವ. ಎರಡು ದಿನಕ್ಕೊಂದ್ಸಲ ಕೇಳುದ್ಲು. ನಾನೇ ಬ್ಯಾಡ ಅಂದೆ."

ಅವಳ ಕಣ್ಣಿಂದ ನೀರು ಸುರಿಯಿತು. ಒರೆಸಿಕೊಳ್ಳಲಿಲ್ಲ. "ಏನಂತ ಕೇಳುದ್ಲು? ಹೆಂಗಂದ್ಲೋ ಹಂಗೇ ಹೇಳು."

ಅವನು ಹೇಳಿದ. ಯಾವ ದಿನ ಏನು ಅಂದಳು, ಏನು ಅಡುಗೆ ಮಾಡುವಾಗ ನೆನಪಿಸಿಕೊಂಡಳು, ಟೈಲರ್ ಅಂಗಡಿಯಲ್ಲಿ ಅಳತೆ ಹೇಳುವಾಗ ಹೇಗೆ ಎರಡು ಕೈ ಅಗಲಿಸಿ ತೋರಿಸಿದಳು, ಫೋನು ಇಟ್ಟ ಮೇಲೆ ಎಷ್ಟು ಹೊತ್ತು ಸುಮ್ಮನೆ ಕೂರುತ್ತಿದ್ದಳು. ಒಂದನ್ನೂ ಬಿಡಲಿಲ್ಲ. ಸುತ್ತಲಿನ ಜನ ನೋಡುತ್ತಿದ್ದರು.

ಬಸ್ಸು ಬಂತು. ಮುನಿಕೃಷ್ಣ ಬ್ಯಾಗು ಹಿಡಿದು ಎದ್ದ. ನವ್ಯಶ್ರೀಯೂ ಎದ್ದು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. "ಬತ್ತೀನಿ" ಅನ್ನಲಿಲ್ಲ. ಹತ್ತಿ, ಆಚೆ ಬದಿಯ ಸೀಟಿನಲ್ಲಿ ಕೂತಳು; ಅವನು ನಿಂತ ಕಡೆಯಿಂದ ಅವಳ ಜಡೆ ಮಾತ್ರ ಕಾಣುತ್ತಿತ್ತು. ಬಸ್ಸು ಹಿಂದಕ್ಕೆ ಬಂದು, ತಿರುಗಿ, ರಸ್ತೆಗೆ ಇಳಿಯಿತು. ಮುನಿಕೃಷ್ಣನಿಗೆ ಎಷ್ಟು ಹೊತ್ತು ಕಳೆದರೂ ಅಲ್ಲಿಂದ ಕದಲುವುದಕ್ಕಾಗಲಿಲ್ಲ. ರಾಮನಗರದ ಬಸ್ಸು ಎರಡು ಬಂದು ಎರಡೂ ಹೋದವು.