ಕತ್ತರಿ ಮುಟ್ಟದ ಚಿಕಿತ್ಸೆ

ಬೀದಿ ತುದಿಯ ಸಲೂನಿನವನನ್ನು ಎಲ್ಲರೂ ಮಾತಿನಮಲ್ಲ ಅಂತಲೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಬಾಯಿ ನಿಲ್ಲದ ಆಸಾಮಿ. ಆದರೆ ಆರು ತಿಂಗಳಿಂದ ಅವನ ಎಡಗಿವಿಯಲ್ಲಿ ಗುಂಯ್ ಅಂತ ಸದ್ದು. ಆ ಕಡೆಯಿಂದ ಮಾತಾಡಿದರೆ ಅರ್ಧಂಬರ್ಧ ಕೇಳುತ್ತಿತ್ತು. ಒಂದು ದಿನ ಮೇಷ್ಟ್ರು ಕುರ್ಚಿಯಲ್ಲಿ ಕೂತು, "ಮೀಸೆ ಮುಟ್ಟಬೇಡಪ್ಪ" ಅಂದರು. ಇವನಿಗೆ ಕೇಳಿಸಿದ್ದು 'ಮೀಸೆ' ಮಾತ್ರ. ಇಪ್ಪತ್ತು ವರ್ಷದ ಮೀಸೆ ಎರಡೇ ಎಳೆತಕ್ಕೆ ಮಾಯ!

ಮೇಷ್ಟ್ರ ಸಿಟ್ಟು ಹೇಗೋ ಇಳಿಯಿತು. ಆದರೆ ಮರುವಾರ ಒಬ್ಬರ ಗಡ್ಡ ಹೆರೆಯುವಾಗ ತಲೆ ಗಿರ್‍ರೆಂದು ತಿರುಗಿತು. ಕೈಯಲ್ಲಿ ಕತ್ತಿ, ಮುಂದೆ ಇನ್ನೊಬ್ಬರ ಕುತ್ತಿಗೆ. ತಕ್ಷಣ ಕತ್ತಿ ಕೆಳಗಿಟ್ಟ. ಅಂದೇ ಅಂಗಡಿ ಬಾಗಿಲೆಳೆದು ಆಸ್ಪತ್ರೆಗೆ ಹೋದ.

ಸ್ಕ್ಯಾನಿಂಗ್‌ನಲ್ಲಿ ಕಂಡದ್ದು ಗೆಡ್ಡೆ. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ, ಕಡಲೆಕಾಳಿಗಿಂತ ತುಸು ದೊಡ್ಡದು.

"ಇದು ಕ್ಯಾನ್ಸರ್ ಅಲ್ಲ, ಹೆದರಬೇಡಿ" ಅಂದರು ಡಾಕ್ಟರು. "ಆದರೆ ಬೆಳೆದರೆ ಮಿದುಳನ್ನ ಒತ್ತುತ್ತೆ. ಆಪರೇಷನ್ ಮಾಡಬಹುದು. ನಿಮ್ಮ ಗೆಡ್ಡೆಗೆ ರೋಬೋಟಿಕ್ ರೇಡಿಯೋಸರ್ಜರಿಯೂ ಆಗುತ್ತೆ. ಮನೆಯಲ್ಲಿ ಮಾತಾಡಿ ಬನ್ನಿ."

ವಿಷಯ ಕೇಳಿದ್ದೇ ತಡ, ಹೆಂಡತಿ ಕೆಂಡವಾದಳು. "ರೋಬೋಟ್ ಕೈಗೆ ಕತ್ತಿ ಕೊಟ್ಟು, ಅದರ ಮುಂದೆ ನಿಮ್ಮ ತಲೆ ಇಡೋದಾ? ನಾನಂತೂ ಒಪ್ಪಲ್ಲ ರೀ!"

ಭಾನುವಾರ ಅವಳ ತಂಗಿ ಬಂದಳು. ದೊಡ್ಡಾಸ್ಪತ್ರೆಯ ರೇಡಿಯೇಷನ್ ವಿಭಾಗದಲ್ಲಿ ಮೆಷಿನ್ ನಡೆಸುವುದೇ ಅವಳ ಕೆಲಸ.

"ಕತ್ತಿ ಎಲ್ಲಿಂದ ಬಂತಕ್ಕಾ? ಸರ್ಜರಿ ಅನ್ನೋದು ಹೆಸರಿಗಷ್ಟೇ. ಕೊಯ್ಯೋದಿಲ್ಲ, ಹೊಲಿಗೆ ಹಾಕೋದಿಲ್ಲ. ಭಾವನ ಹಾಗಿರೋರಿಗೆ ಮತ್ತು ಬರೋ ಔಷಧಿಯೂ ಬೇಕಾಗಲ್ಲ."

"ಮತ್ತೆ ಗೆಡ್ಡೆಯನ್ನ ಬೈದು ಓಡಿಸ್ತೀರಾ?" ಅಂದ ಮಾತಿನಮಲ್ಲ.

ನಾದಿನಿ ನಕ್ಕು, ಕಿಟಕಿ ಮುಚ್ಚಿ, ಮನೆಯ ಮೂರೂ ಮೊಬೈಲಿನ ಟಾರ್ಚು ಹಾಕಿಸಿದಳು. ಮೂರು ಮೂಲೆಯಿಂದ ಗೋಡೆಯ ಒಂದೇ ಜಾಗಕ್ಕೆ ಬೆಳಕು ಬಿತ್ತು.

"ಎಲ್ಲಿ ಜಾಸ್ತಿ ಬೆಳಕಿದೆ ಭಾವ?"

"ಮೂರೂ ಸೇರಿದ ಕಡೆ."

"ವಿಕಿರಣವೂ ಹೀಗೇ. ಒಂದೊಂದು ಕಿರಣವೂ ಬಡಪಾಯಿ, ದಾರೀಲಿ ಸಿಗೋ ಮಿದುಳಿಗೆ ಅಷ್ಟು ತೊಂದರೆ ಮಾಡಲ್ಲ. ನೂರಾರು ಕಡೆಯಿಂದ ಬಂದು ಗೆಡ್ಡೆ ಮೇಲೆ ಸೇರಿದಾಗಲೇ ಅದಕ್ಕೆ ಬಲ. ಆ ಕಿರಣದ ಮೆಷಿನ್ನನ್ನ ಹಿಡಿದು ಸುತ್ತ ತಿರುಗೋದೇ ರೋಬೋಟಿನ ಕೈ."

"ನಾನು ಅಲುಗಾಡಿದ್ರೆ?"

"ಮುಖಕ್ಕೆ ಬಲೆಯಂಥ ಮಾಸ್ಕ್ ಹಾಕಿರ್ತೀವಿ. ಮೆಷಿನ್ನೇ ನಡುನಡುವೆ ಎಕ್ಸ್‌ರೇ ತೆಗೆದು ಗುರಿ ಸರಿಮಾಡ್ಕೊಳ್ಳುತ್ತೆ. ಜಾಸ್ತಿ ಅಲುಗಿದ್ರೆ ನಿಲ್ಲಿಸ್ತೀವಿ."

"ಮಾತಾಡಬಹುದಾ?"

"ಅದೊಂದು ಮಾತ್ರ ಆಗಲ್ಲ."

"ಹಾಗಾದ್ರೆ ಇದು ಇವರ ಕೈಲಾಗೋ ಕೆಲಸವೇ ಅಲ್ಲ!" ಅಂತ ಹೆಂಡತಿ ಕಿಸಕ್ಕನೆ ನಕ್ಕಳು. ಮರುಕ್ಷಣವೇ ಗಂಭೀರವಾಗಿ ಕೇಳಿದಳು: "ಕಿವಿ ಮೊದಲಿನ ಹಾಗೆ ಕೇಳುತ್ತಾ?"

"ಸುಳ್ಳು ಹೇಳಲ್ಲಕ್ಕಾ. ಹೋದದ್ದು ವಾಪಸ್ ಬರೋದು ಕಷ್ಟ. ಉಳಿದಿದ್ದೂ ನಿಧಾನವಾಗಿ ಕಮ್ಮಿ ಆಗಬಹುದು. ಗೆಡ್ಡೆ ಬೆಳೆಯದ ಹಾಗೆ ತಡೆಯೋದೇ ಇದರ ಉದ್ದೇಶ. ಎಲ್ಲಾ ಗೆಡ್ಡೆಗೂ ಇದು ಆಗಿಬರಲ್ಲ. ನಿನ್ನ ಅನುಮಾನ ಎಲ್ಲ ಬರೆದುಕೊಂಡು ಹೋಗಿ ಡಾಕ್ಟರನ್ನೇ ಕೇಳು."

ಅವಳು ಹನ್ನೊಂದು ಪ್ರಶ್ನೆ ಬರೆದಳು. ಡಾಕ್ಟರು ಒಂದನ್ನೂ ಬಿಡದೆ ಉತ್ತರಿಸಿದರು. ಅವಳು ಹಾಳೆ ಮಡಚಿ, "ಸರಿ, ಆಗಲಿ" ಅಂದಳು.

ಮೂರು ದಿನ, ದಿನಕ್ಕೆ ಮುಕ್ಕಾಲು ಗಂಟೆ. ಮಾತಿನಮಲ್ಲ ಮಾಸ್ಕಿನೊಳಗೆ ಕಣ್ಣರಳಿಸಿ ಮಲಗಿದ್ದ. ರೋಬೋಟಿನ ಕೈ ತಲೆಯ ಸುತ್ತ ಬಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಸರಿಯುತ್ತಿತ್ತು. ಎಷ್ಟು ಕಡೆ ನಿಲ್ಲುತ್ತದೋ ಎಣಿಸೋಣ ಅಂದುಕೊಂಡವನು ಅರವತ್ತರ ಹತ್ತಿರ ಲೆಕ್ಕ ತಪ್ಪಿದ. ನೋವಿಲ್ಲ, ಬಿಸಿಯೂ ಇಲ್ಲ.

"ಏನಾದ್ರೂ ಆಯ್ತಾ ರೀ?" ಹೊರಗೆ ಬಂದವನ ತೋಳು ಹಿಡಿದು ಹೆಂಡತಿ ಕೇಳಿದಳು.

"ಬಾಯಿ ಮುಚ್ಚಿಕೊಂಡಿದ್ದದ್ದೇ ಕಷ್ಟ ಆಯ್ತು ನೋಡು."

ನಾಲ್ಕು ದಿನ ಸುಸ್ತಿತ್ತು. ಆಮೇಲೆ ಅಂಗಡಿ ತೆರೆಯಿತು. ವರ್ಷದ ನಂತರದ ಸ್ಕ್ಯಾನಿಂಗ್‌ನಲ್ಲಿ ಗೆಡ್ಡೆ ಬೆಳೆದಿರಲಿಲ್ಲ, ಕೂದಲೆಳೆಯಷ್ಟು ಕುಗ್ಗಿತ್ತು. ಕಿವಿ ಈಗಲೂ ಮಂದವೇ. ಆದರೆ ತಲೆ ತಿರುಗುವುದು ನಿಂತಿದೆ, ಕೆಲಸ ಎಂದಿನಂತೆ ಸಾಗಿದೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಒಂದೇ ಕಿವಿ ಮಂದವಾಗುತ್ತಿದೆಯೇ? ಪದೇ ಪದೇ ತಲೆ ತಿರುಗುತ್ತಿದೆಯೇ? ವಯಸ್ಸಾಯಿತು ಅಂತ ತಳ್ಳಿಹಾಕಬೇಡಿ, ಈ ವಾರವೇ ಕರೆದುಕೊಂಡು ಹೋಗಿ ತೋರಿಸಿ. ಗೆಡ್ಡೆ ಅಂದ ಕೂಡಲೇ ಕೈಚೆಲ್ಲಿ ಕೂರಬೇಡಿ. ಕೊಯ್ಯದೆ ಮಾಡುವ ಈ ಚಿಕಿತ್ಸೆ ನಮಗೆ ಆಗುತ್ತದೆಯೇ, ಅದರಿಂದ ಏನು ಲಾಭ, ಏನು ತೊಂದರೆ ಅಂತ ಬಾಯಿಬಿಟ್ಟು ಕೇಳಿ. ತಲೆ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.