ಹಕ್ಕಿಮರಿ ಹಿಡಿದ ಮುಷ್ಟಿ

ಮೂರನೆಯ ಸಲವೂ ಬಟ್ಟೆಪಟ್ಟಿ ಟೈಲರನ ಮಣಿಕಟ್ಟಿನಿಂದ ಜಾರಿ, ನೆಲಕ್ಕೆ ಬಿದ್ದು, ಮಂಚದಡಿಗೆ ಉರುಳಿತು. ಬಂಡೆ ಮಂಡಿಯೂರಿ ಅದನ್ನು ಹೊರಗೆಳೆದ. ಬಸ್ ನಿಲ್ದಾಣದೆದುರಿನ ದೊಡ್ಡ ಫಲಕದಲ್ಲಿ ಎದೆಯುಬ್ಬಿಸಿ ನಿಂತಿರುವ ಬಂಡೆ ಇವನೇ, ಮಿಶ್ರ ಸಮರಕಲೆಯ ಚಾಂಪಿಯನ್. ಅವನ ಪಂದ್ಯವೆಂದರೆ ಊರಿಗೂರೇ ಟೀವಿಯ ಮುಂದೆ ಮುಗಿಬೀಳುತ್ತದೆ. ಈಗ ಅವನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಕೊಡೋ ಇಲ್ಲಿ," ಎಂದ ಸೊಟ್ಟಮೂಗಿನಣ್ಣ. ಬಂಡೆ ಹುಟ್ಟುವ ಮೊದಲೇ ಕಾದಾಡಿ ಮೂಗು ಮುರಿಸಿಕೊಂಡವನು.

"ನೀನು ಕಟ್ಟಿದ್ದನ್ನೂ ನೋಡಾಯ್ತಲ್ಲಣ್ಣ. ಮುರಿದ ಕಾಲಿಗೆ ಸುತ್ತಿದ ಹಾಗಿತ್ತು."

"ಏನ್ಮಾಡ್ಲಿ? ಜೀವಮಾನವೆಲ್ಲ ಪಟ್ಟಿ ಕಟ್ಟಿಸ್ಕೊಳ್ಳೋಕೆ ಈ ಟೈಲರನ ಮುಂದೆ ಕೈ ಚಾಚಿ ಕೂತಿದ್ದೇ ಬಂತು. ಕಟ್ಟೋದು ಹೇಗೆ ಅಂತ ಒಂದು ದಿನ ನೋಡ್ಲಿಲ್ಲ. ಇವನ ಮುಖ ನೋಡ್ತಿದ್ದೆ."

ಕೋಣೆಯ ತುಂಬ ಅಂಥವರೇ. ಜಜ್ಜಿ ಮುದ್ದೆಯಾದ ಕಿವಿಗಳು, ಬಾಗಿಲಲ್ಲಿ ಓರೆಯಾದರಷ್ಟೇ ತೂರುವ ಭುಜಗಳು. ಪಂದ್ಯಕ್ಕೆ ಮೊದಲು ಎಲ್ಲರ ಕೈಗೂ ಪಟ್ಟಿ ಕಟ್ಟಿದವನನ್ನು ಕೊನೆಯ ಪಯಣಕ್ಕೆ ಬರಿಗೈಲಿ ಕಳಿಸಬಾರದೆಂದು ಎಲ್ಲರೂ ಒಪ್ಪಿದ್ದರು. ಆದರೆ ಕಟ್ಟಲು ಯಾರಿಗೂ ಬರುತ್ತಿರಲಿಲ್ಲ.

"ನಮ್ಮಣ್ಣ ಶರಟು ಹೊಲಿದು ಸಂಸಾರ ತೂಗಿಸಿದವನು," ಎಂದಳು ಟೈಲರನ ತಂಗಿ. "ಯಾರಿಗೂ ಒಂದೇಟು ಹೊಡೆದವನಲ್ಲ. ಈಗ ಯಾಕಪ್ಪಾ ಅವನನ್ನ ಕುಸ್ತಿಗೆ ರೆಡಿ ಮಾಡ್ತೀರಿ? ಗಾಡಿಯವನು ಆಗಿಂದ ಹಾರ್ನ್ ಹೊಡೀತಿದಾನೆ."

"ಕುಸ್ತಿ ಅಲ್ಲಮ್ಮ ಅದು," ಎಂದ ಸೊಟ್ಟಮೂಗಿನಣ್ಣ.

"ಏನೋ ಒಂದು. ಮೊದಲು ಬೀದಿಜಗಳ ಅಂತಿದ್ರು, ಈಗ ನನ್ನ ಮೊಮ್ಮಗಳು ಸ್ಕೂಲಲ್ಲಿ ಕಲೀತಾಳೆ."

ಮೂಲೆಯ ಕುರ್ಚಿಯಲ್ಲಿ ತಪಾಸಣೆಯ ಅಧಿಕಾರಿ ಕೂತಿದ್ದರು. ಪಂದ್ಯಕ್ಕೆ ಮೊದಲು ಪ್ರತಿ ಮುಷ್ಟಿಯನ್ನೂ ಒತ್ತಿ ನೋಡಿ, ಪಟ್ಟಿಯ ಮೇಲೆ ಸಹಿ ಹಾಕುವವರು ಅವರು. ಸಹಿ ಬಿದ್ದ ಕೈಯನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ. ಅವರಿಗೂ ಟೈಲರನಿಗೂ ಎಣ್ಣೆ ಸೀಗೇಕಾಯಿ ಎಂದು ಎಲ್ಲರಿಗೂ ಗೊತ್ತಿತ್ತು.

ಟೈಲರನ ಮಗಳು ಹೊಲಿಗೆ ಯಂತ್ರಕ್ಕೆ ಆತುಕೊಂಡು ನಿಂತಿದ್ದಳು. ನಾಲ್ಕು ಜನರೆದುರು ಬಾಯಿ ತೆರೆಯುವುದೆಂದರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಬೆನ್ನ ಹಿಂದೆ ಅವಳ ಬೆರಳುಗಳು ಮಾತ್ರ ಗಾಳಿಯಲ್ಲೇ ಏನನ್ನೋ ಸುತ್ತುತ್ತಿದ್ದವು.

"ಟೈಲರ್ ಮಾಮ ಯಾವಾಗ್ಲೂ ಒಂದು ಮಾತು ಹೇಳ್ತಿದ್ರು," ಎಂದ ಬಂಡೆ. "ಹಕ್ಕಿಮರಿ ಹಿಡ್ಕೊಂಡ ಹಾಗೆ ಮುಷ್ಟಿ ಮಾಡು, ಅದರ ಉಸಿರೂ ಕಟ್ಟಬಾರ್ದು, ಹಾರಿಯೂ ಹೋಗಬಾರ್ದು ಅಂತ."

ಮಗಳ ಬೆರಳುಗಳು ನಿಂತುಬಿಟ್ಟವು. ಆ ಮಾತು ತನ್ನೊಬ್ಬಳದೇ ಎಂದುಕೊಂಡಿದ್ದಳು.

*

ಅವಳು ಚಿಕ್ಕವಳಿದ್ದಾಗ, ಅಂಗಡಿಯ ಬಾಗಿಲು ಎಳೆದ ಮೇಲೆ ಅಪ್ಪ ಅವಳನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕೂರಿಸುತ್ತಿದ್ದ. ಅಮ್ಮನಿಲ್ಲದ ಮನೆಯಲ್ಲಿ ಅದೊಂದೇ ಆಟ.

"ಬೆರಳು ಅಗಲಿಸು. ಇನ್ನೂ."

ಮಣಿಕಟ್ಟಿಗೆ ಸುತ್ತು, ಹಿಂಗೈ ಮೇಲೆ ಓರೆ, ಬೆರಳ ಸಂದಿಗಳಲ್ಲಿ ತೂರಿ ಗೆಣ್ಣುಗಳ ಮೇಲೆ ಮೆತ್ತೆ. ಆಮೇಲೆ ಹಕ್ಕಿಮರಿ. ಆಮೇಲೆ ಅವನು ಅಂಗೈ ಒಡ್ಡುತ್ತಿದ್ದ, ಅವಳು ಗುದ್ದುತ್ತಿದ್ದಳು.

"ಒಳಗೆ ಏನಿದೆ ಅನ್ನಿಸ್ತಿದೆ? ಕೈಯಾ, ಪಟ್ಟಿಯಾ?"

'ಕೈ' ಎಂದರೆ ಆಟ ಮುಗಿಯಿತು. 'ಪಟ್ಟಿ' ಎಂದರೆ ಎಲ್ಲ ಬಿಚ್ಚಿ ಮೊದಲಿನಿಂದ. ಅವಳು ಬೇಕೆಂದೇ ಸುಳ್ಳು ಹೇಳುತ್ತಿದ್ದಳು. ಕೊನೆಗೆ ಅವಳ ಸರದಿ ಬರುತ್ತಿತ್ತು. ಅಪ್ಪನ ದೊಡ್ಡ ಕೈಗೆ ತನ್ನ ಪುಟ್ಟ ಬೆರಳುಗಳಿಂದ ಹಾಗೆಯೇ ಕಟ್ಟುತ್ತಿದ್ದಳು.

ಅತ್ತೆ ಬಂದು ಅವಳ ಪಕ್ಕ ಮಲಗಿದ ಮೇಲೆ ಅಪ್ಪ 'ಒಂದು ಅಳತೆ ತಗೊಂಡು ಬರ್ತೀನಿ' ಎಂದು ಹೊರಡುತ್ತಿದ್ದ. ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ ಕಾದಾಟ ನಡೆಯುತ್ತಿದ್ದ ಕಾಲ ಅದು. ಪೊಲೀಸರ ಸೀಟಿ ಕೇಳಿದರೆ ಕಾದಾಡುವವರೂ ನೋಡುವವರೂ ಒಂದೇ ಕಿಟಕಿಯಿಂದ ಹಾರುತ್ತಿದ್ದರು. ಆಮೇಲೆ ಕಾದಾಟಕ್ಕೆ ನಿಯಮ ಬಂತು, ದೀಪ ಬಂತು, ಟೀವಿ ಬಂತು. ಅಪ್ಪ ಊರೂರು ತಿರುಗತೊಡಗಿದ. ಮೇಜಿನ ಮೇಲಿನ ಆಟ ನಿಂತಿತು. ತಾನು ದೊಡ್ಡವಳಾದದ್ದೇ ತಪ್ಪಾಯಿತೇನೋ ಎಂದು ಅವಳು ಒಳಗೇ ಸೊರಗಿದ್ದಳು. ಒಂದು ಪಂದ್ಯವನ್ನೂ ನೋಡಲಿಲ್ಲ.

*

"ಎಲ್ಲರಿಗೂ ಹೇಳ್ತಿದ್ರಾ ಅದನ್ನ?"

ಅಷ್ಟು ಜನ ಒಟ್ಟಿಗೆ ತಿರುಗಿ ನೋಡಿದಾಗಲೇ ಮಾತಾಡಿದ್ದು ತಾನೆಂದು ಅವಳಿಗೆ ತಿಳಿದದ್ದು.

"ಎಲ್ಲರಿಗೂನಮ್ಮ," ಎಂದ ಸೊಟ್ಟಮೂಗಿನಣ್ಣ. "ಗೋದಾಮಲ್ಲೂ ಅದೇ, ದೊಡ್ಡ ಸ್ಟೇಡಿಯಮ್ಮಲ್ಲೂ ಅದೇ."

ಅವಳ ಎದೆಗೆ ಮುಳ್ಳು ಚುಚ್ಚಿದಂತಾಯಿತು. ತನಗೆಂದು ಇದ್ದದ್ದು ಅದೊಂದೇ.

"'ಪಟ್ಟಿ' ಅಂತ ಹೇಳಿದ್ರೆ... ಬಿಚ್ಚಿ ಮತ್ತೆ ಕಟ್ತಿದ್ರಾ?"

ಬಂಡೆ ತಲೆ ತಗ್ಗಿಸಿದ. "ಹೂಂ ಅಕ್ಕ. ತುಂಬಾ ಭಯ ಆದ ದಿನ ನಾನು ಸುಮ್‌ಸುಮ್ನೆ ಪಟ್ಟಿ ಅಂತಿದ್ದೆ. ಇನ್ನೊಂದ್ಸಲ ಕಟ್ಲಿ ಅಂತ."

"ನೀನೂನೇನೋ?" ಎಂದಿತು ಬಾಗಿಲ ಬಳಿಯ ಒಂದು ದನಿ. ಯಾರೋ ನಕ್ಕರು, ಯಾರೋ ಮೂಗೊರೆಸಿಕೊಂಡರು.

ಮಗಳು ಆ ಕೈಗಳನ್ನು ನೋಡಿದಳು. ಬಾಗಿಲಾಚೆ, ಮೆಟ್ಟಿಲ ಮೇಲೆ, ಬೀದಿಯ ತಿರುವಿನವರೆಗೂ ಕೈಗಳು. ಗೆಣ್ಣು ಒಡೆದವು, ಬೆರಳು ವಕ್ರವಾದವು. ಜಗತ್ತು ಕಣ್ಣು ಮಿಟುಕಿಸದೆ ನೋಡುವ ಆ ಮುಷ್ಟಿಗಳೊಳಗೆಲ್ಲ ಮೇಜಿನ ಮೇಲಿನ ಆ ಹಕ್ಕಿಮರಿ ಉಸಿರಾಡಿಕೊಂಡಿತ್ತು.

"ಅತ್ತೆ, ಗಾಡಿಯವನಿಗೆ ಸ್ವಲ್ಪ ತಾಳು ಅನ್ನು," ಎಂದಳು. ಬಂಡೆಯ ಮುಂದೆ ಕೈ ಚಾಚಿದಳು. "ಕೊಡಪ್ಪ ಪಟ್ಟಿ."

ಅಪ್ಪನ ಬೆರಳು ಅಗಲಿಸುವಂತಿರಲಿಲ್ಲ. ಸಾವು ಅವನ್ನು ಅರ್ಧ ಮಡಿಸಿಟ್ಟಿತ್ತು, ಮರಿ ಹಿಡಿದ ಹಾಗೆಯೇ. ಅವಳು ಮಣಿಕಟ್ಟಿಗೆ ಸುತ್ತಿದಳು, ಓರೆ ತಂದಳು, ಸಂದಿಗಳಲ್ಲಿ ತೂರಿಸಿದಳು. ಎರಡೂ ಕೈ ಮುಗಿದ ಮೇಲೆ ಅಪ್ಪನ ಬಲ ಮುಷ್ಟಿಯ ಕೆಳಗೆ ತನ್ನ ಅಂಗೈ ಒಡ್ಡಿದಳು. 'ಕೈಯಾ, ಪಟ್ಟಿಯಾ?' ಎಂದು ಕೇಳಲು ಹೋಗಲಿಲ್ಲ.

ಮೂಲೆಯ ಕುರ್ಚಿ ಕಿರುಗುಟ್ಟಿತು. ಅಧಿಕಾರಿ ಎದ್ದು ಬಂದರು, ಕನ್ನಡಕ ಏರಿಸಿದರು. ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು, ಎಂದಿನಂತೆ ಯಾವ ರಿಯಾಯಿತಿಯೂ ಇಲ್ಲದೆ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಎರಡೂ ಕೈಗಳ ಪಟ್ಟಿಯ ಮೇಲೆ ಉದ್ದಕ್ಕೆ ಸಹಿ ಹಾಕಿದರು.

"ಆಯ್ತು," ಎಂದರು. "ಇನ್ನು ಯಾರೂ ಮುಟ್ಟೋ ಹಾಗಿಲ್ಲ."

ಮಂಚದ ಸುತ್ತಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಬಂಡೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಮುಷ್ಟಿಯ ಕೆಳಗೆ ಮಗಳ ಅಂಗೈ ಮಾತ್ರ ಹಾಗೆಯೇ ಉಳಿಯಿತು. ಅಧಿಕಾರಿ ಅದನ್ನು ನೋಡಿದರು, ಪೆನ್ನಿಗೆ ಮುಚ್ಚಳ ಹಾಕಿದರು, ಕಿಟಕಿಯ ಕಡೆಗೆ ತಿರುಗಿ ನಿಂತರು.